ಐನ್‌ಮನೆ, ಲೈನ್‌ಮನೆ: ವಾಸ್ತುಶಿಲ್ಪದ ಓದಿನಲ್ಲಿ ಕೊಡಗಿನ ದಲಿತರ ಜಾಗ

1

ದಲಿತ ವಿಮರ್ಶೆ ಅಂದ ಕೂಡಲೇ ನಮಗೆ ನೆನಪಾಗುವುದು ಕತೆ, ಕಾವ್ಯ, ಆತ್ಮಕಥೆ. ಪಠ್ಯ ಎಂದರೆ ಅಕ್ಷರದಲ್ಲಿ ಇರುವಂಥದು ಎಂಬ ನಂಬಿಕೆ ನಮ್ಮಲ್ಲೂ ಬೇರುಬಿಟ್ಟಿದೆ. ಆದರೆ ಜಾತಿ ತಾಳೆಗರಿಗೆ ಏರುವ ಮೊದಲೇ ನೆಲದ ಮೇಲೆ ತನ್ನ ಗೆರೆ ಎಳೆದಾಗಿತ್ತು. ಊರು ಇಲ್ಲಿ, ಕೇರಿ ಅಲ್ಲಿ. ಬಾವಿ ಇವರದು, ಹಳ್ಳ ಅವರದು. ಈ ಹೊಸಿಲ ತನಕ ಬರಬಹುದು, ಅಲ್ಲಿಂದ ಒಳಕ್ಕೆ ಬರಕೂಡದು. ಓದು ಬಾರದ ನಮ್ಮ ಹಿರಿಯರು ಈ ಬರಹವನ್ನು ಮಾತ್ರ ತಪ್ಪಿಲ್ಲದೆ ಓದುತ್ತಿದ್ದರು. ತಪ್ಪಿ ಓದಿದವರಿಗೆ ಏಟು ಬೀಳುತ್ತಿತ್ತು.

ಹಾಗಾಗಿ ಮನೆಯನ್ನು, ಮನೆಯ ನಕ್ಷೆಯನ್ನು, ಆ ನಕ್ಷೆ ಎಳೆಯುವುದನ್ನು ಕಲಿಸುವ ಪದವಿಯನ್ನು ಕೂಡ ಪಠ್ಯವೆಂದೇ ತಿಳಿದು ಓದಬೇಕು ಎನ್ನುವುದು ನನ್ನ ವಾದ. ಇದಕ್ಕೆ ಕೊಡಗನ್ನು ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಒಂದು, ಕರ್ನಾಟಕದ ಸಾಂಪ್ರದಾಯಿಕ ಮನೆಗಳ ಮಾತು ಬಂದಲ್ಲೆಲ್ಲ ಕೊಡವರ ಐನ್‌ಮನೆ ಬಂದೇ ಬರುತ್ತದೆ. ಎರಡು, ನಾನು ಹುಟ್ಟಿ ಬೆಳೆದದ್ದು ದಕ್ಷಿಣ ಕೊಡಗಿನ ಕಾಫಿ ತೋಟವೊಂದರ ಲೈನ್‌ಮನೆಯಲ್ಲಿ. ಐದು ವರ್ಷದ ವಾಸ್ತುಶಿಲ್ಪ ಪದವಿಯಲ್ಲಿ ಮೊದಲನೆಯದರ ಹೆಸರು ಹತ್ತಾರು ಸಲ ಕೇಳಿದೆ. ಎರಡನೆಯದರ ಹೆಸರು ಒಂದು ಸಲವೂ ಕೇಳಲಿಲ್ಲ.

2

ಈ ಪದವಿ ಎಂಥದು ಎಂದು ಮೊದಲು ಹೇಳಬೇಕು. 1972ರ ವಾಸ್ತುಶಿಲ್ಪಿಗಳ ಕಾಯ್ದೆ ಬಂದ ಮೇಲೆ, ನೋಂದಣಿ ಇಲ್ಲದವರು ತಮ್ಮನ್ನು ‘ಆರ್ಕಿಟೆಕ್ಟ್’ ಎಂದು ಕರೆದುಕೊಳ್ಳುವಂತಿಲ್ಲ. ನೋಂದಣಿಗೆ ಪದವಿ ಬೇಕು. ತಲೆತಲಾಂತರದಿಂದ ಮನೆ ಕಟ್ಟಿದ ಬಡಗಿ, ಒಡ್ಡ, ಮಣ್ಣು ತುಳಿದ ಹೊಲೆಯ ಇವರೆಲ್ಲ ಅಂದಿನಿಂದ ಕಾನೂನಿನ ಪ್ರಕಾರವೂ ಬರೀ ಕೂಲಿಗಳಾದರು. ಕಟ್ಟುವ ಕೈ ಬೇರೆ, ಕಟ್ಟಡಕ್ಕೆ ಹೆಸರು ಹಾಕುವ ಕೈ ಬೇರೆ ಎನ್ನುವ ಹಳೆಯ ಕಟ್ಟುಪಾಡಿಗೆ ಹೊಸ ಮೊಹರು ಬಿತ್ತು.

ನಾನು ಓದಿದ್ದು 1990ರ ದಶಕದ ಕೊನೆಯಲ್ಲಿ, ಕೈಯಲ್ಲೇ ಗೆರೆ ಎಳೆಯುತ್ತಿದ್ದ ಕಾಲದಲ್ಲಿ. ಡ್ರಾಯಿಂಗ್ ಬೋರ್ಡು, ಟೀ-ಸ್ಕ್ವೇರು, ಇಂಕ್ ಪೆನ್ನು, ಟ್ರೇಸಿಂಗ್ ಹಾಳೆ, ಮಾಡೆಲ್ಲಿಗೆ ರಟ್ಟು, ಬೆಂಡು. ವಿದ್ಯಾರ್ಥಿವೇತನ ಬರುವ ಹೊತ್ತಿಗೆ ಅದರ ಎರಡರಷ್ಟು ಸಾಲ ಆಗಿರುತ್ತಿತ್ತು. ನಾನಿದ್ದ ಹಾಸ್ಟೆಲಿನಲ್ಲಿ ಮೇಜಿರಲಿಲ್ಲ. ಹಾಳೆಯನ್ನು ನೆಲದ ಮೇಲೆ ಹಾಸಿ, ಹೊಟ್ಟೆ ಅಡಿ ಮಾಡಿಕೊಂಡು ನಕ್ಷೆ ಬರೆಯುತ್ತಿದ್ದೆವು. ಇದನ್ನು ದೂರು ಎಂದು ಹೇಳುತ್ತಿಲ್ಲ. ಯಾವ ಮನೆಯ ಮಕ್ಕಳನ್ನು ಮನಸ್ಸಲ್ಲಿಟ್ಟುಕೊಂಡು ಈ ಪದವಿ ರೂಪುಗೊಂಡಿದೆ ಎಂಬುದಕ್ಕೆ ಪುರಾವೆಯಾಗಿ ಹೇಳುತ್ತಿದ್ದೇನೆ.

ಚರಿತ್ರೆಯ ಪಾಠಕ್ಕೆ ಬ್ಯಾನಿಸ್ಟರ್ ಫ್ಲೆಚರ್ ಬರೆದ ದೊಡ್ಡ ಪುಸ್ತಕ. ಮೊದಲು ಅಚ್ಚಾಗಿದ್ದು 1896ರಲ್ಲಿ. 1901ರ ನಾಲ್ಕನೇ ಆವೃತ್ತಿಯಲ್ಲಿ ಅದು ಜಗತ್ತಿನ ಕಟ್ಟಡಗಳನ್ನು ‘ಚಾರಿತ್ರಿಕ’ ಮತ್ತು ‘ಚಾರಿತ್ರಿಕವಲ್ಲದ’ ಶೈಲಿಗಳು ಎಂದು ಎರಡು ಪಾಲು ಮಾಡಿತು. ಯುರೋಪು ಮೊದಲ ಪಾಲಿಗೆ. ಭಾರತ, ಚೀನಾ, ಜಪಾನ್ ಎರಡನೆಯದಕ್ಕೆ. ಪುಸ್ತಕದ ಹೆಸರಾಂತ ಮರದ ಚಿತ್ರದಲ್ಲಿ ನಾವೆಲ್ಲ ಮುಂದಕ್ಕೆ ಬೆಳೆಯದ ಪಕ್ಕದ ಕೊಂಬೆಗಳು. ನಮ್ಮ ಮೇಷ್ಟ್ರು ಈ ಚಿತ್ರವನ್ನು ಬೋರ್ಡಿನ ಮೇಲೆ ಬರೆದು, ವಸಾಹತುಶಾಹಿ ನಮ್ಮನ್ನು ಹೇಗೆ ಚರಿತ್ರೆಯಿಂದ ಹೊರಗಿಟ್ಟಿತು ನೋಡಿ ಅಂತ ಸಿಟ್ಟಿನಿಂದ ವಿವರಿಸುತ್ತಿದ್ದರು. ಆ ಸಿಟ್ಟು ನ್ಯಾಯವಾದದ್ದು. ಆದರೆ ಮರುದಿನ ಅದೇ ತರಗತಿಯಲ್ಲಿ ಸ್ವದೇಶಿ ವಾಸ್ತುಶಾಸ್ತ್ರದ ಪಾಠ ನಡೆಯುವಾಗ ಸಿಟ್ಟು ಮಾಯವಾಗಿರುತ್ತಿತ್ತು.

ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮನೆಯ ಅಗಲಕ್ಕೆ ಒಂದು ಲೆಕ್ಕ ಇದೆ. ಬ್ರಾಹ್ಮಣನಿಗೆ 32 ಮೊಳ. ಅಲ್ಲಿಂದ ಕೆಳಗೆ ವರ್ಣಕ್ಕೆ ನಾಲ್ಕು ನಾಲ್ಕು ಮೊಳ ಕಡಿಮೆ: 28, 24, 20. ಹಾಗೇ ಇಳಿದು 16. ಅದಕ್ಕೂ ಕೆಳಗಿನವರಿಗೆ ಇನ್ನೂ ಕಡಿಮೆ. ಮಯಮತ, ಮಾನಸಾರದಂಥ ಶಿಲ್ಪಗ್ರಂಥಗಳು ಮಣ್ಣಿನ ಬಣ್ಣವನ್ನೂ ವರ್ಣಕ್ಕೆ ತಕ್ಕಂತೆ ಹಂಚುತ್ತವೆ. ಚಂಡಾಲರ ವಾಸ ಊರ ಹೊರಗಿರಬೇಕು ಎನ್ನುತ್ತದೆ ಮನುಸ್ಮೃತಿ. ಸ್ಮಶಾನದ ಅಂಚಿನಲ್ಲಿರಲಿ ಎನ್ನುತ್ತದೆ ಕೌಟಿಲ್ಯನ ಅರ್ಥಶಾಸ್ತ್ರ. ನಮಗೆ ಇದನ್ನು ಕಲಿಸಿದ್ದು ‘ಪ್ರಮಾಣಬದ್ಧತೆ’ ಎಂಬ ಹೆಸರಿನಲ್ಲಿ. ಅಳತೆಗಳ ಸೊಬಗನ್ನು ಹೊಗಳಿ ಮುಂದಿನ ಅಧ್ಯಾಯಕ್ಕೆ ಹೋದೆವು. ಫ್ಲೆಚರ್ ಭಾರತವನ್ನು ಮರದ ಪಕ್ಕದ ಕೊಂಬೆಗೆ ತಳ್ಳಿದ್ದು ಅನ್ಯಾಯವಾದರೆ, ಮರದ ನೆರಳಿಗೂ ಬರಬೇಡಿ ಎಂದ ಈ ಗ್ರಂಥಗಳದು ಏನು? ವಸಾಹತುಶಾಹಿಯನ್ನು ಪ್ರಶ್ನಿಸಿದ ಮಾತ್ರಕ್ಕೆ ಚರಿತ್ರೆ ನಮ್ಮದಾಗುವುದಿಲ್ಲ. ಬಿಳಿಯ ಯಜಮಾನನ ಕೈಯಿಂದ ಅದು ಮನೆಯ ಯಜಮಾನನ ಕೈಗೆ ಬರುತ್ತದೆ, ಅಷ್ಟೆ.

3

ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ‘ಮೆಷರ್ಡ್ ಡ್ರಾಯಿಂಗ್’ ಎಂಬ ಕೆಲಸ ಇರುತ್ತದೆ. ಹಳೆಯ ಕಟ್ಟಡವೊಂದಕ್ಕೆ ಹೋಗಿ ಟೇಪು ಹಿಡಿದು ಇಂಚಿಂಚು ಅಳೆದು, ಅದರ ಪ್ಲಾನು, ಸೆಕ್ಷನ್, ಎಲಿವೇಶನ್ ಬರೆಯಬೇಕು. ನಮ್ಮ ತಂಡ ಕೊಡಗಿಗೆ ಬಂದು ಐನ್‌ಮನೆಯೊಂದನ್ನು ಅಳೆಯಿತು.

ಐನ್‌ಮನೆ ಅಂದರೆ ಒಂದು ಒಕ್ಕದ, ಅಂದರೆ ಕೊಡವ ಮನೆತನದ ಮೂಲಮನೆ. ಎರಡೂ ಬದಿ ಕಲ್ಲುಮಣ್ಣಿನ ಗೋಡೆಯಿರುವ ಓಣಿ ಹಾದು ಹೋಗಬೇಕು. ಮುಂದೆ ಕಳ. ಮೆಟ್ಟಿಲು ಹತ್ತಿದರೆ ಕೈಯಾಲೆ ಎಂಬ ಜಗಲಿ. ಅಲ್ಲಿ ಕಂಬದಿಂದ ಕಂಬಕ್ಕೆ ಕೂರಿಸಿದ ಅಗಲವಾದ ಹಲಗೆ, ಅದೇ ಐಮರ, ಹಿರಿಯರ ಪೀಠ. ಒಳಗೆ ನೆಲ್ಲಕ್ಕಿ ನಡುಬಾಡೆ, ಮನೆತನದ ದೀಪ ಉರಿಯುವ ಜಾಗ. ನೈಋತ್ಯದ ಮೂಲೆಯಲ್ಲಿ ಕನ್ನಿಕೋಂಬರೆ, ಗುರುಹಿರಿಯರ ಕೋಣೆ. ಮನೆಯ ಹೊರಗೆ ಕೈಮಡ, ಹಿರಿಯರ ಗುಡಿ. ಚೆಂದದ ಮನೆ, ಅದರಲ್ಲಿ ಎರಡು ಮಾತಿಲ್ಲ. ಮರದ ಕೆತ್ತನೆ ಐರಿಗಳ ಕೈಯದು. ಕೊಡಗಿನ ಬಡಗಿ, ಕಮ್ಮಾರ ಕೆಲಸದ ಜಾತಿ ಅವರದು. ಮಣ್ಣು ಕಲಸಿ ಗೋಡೆ ಏರಿಸಿದ ಕೈ ಯಾರದೆಂದು ಯಾವ ನಕ್ಷೆಯಲ್ಲೂ ಬರೆಯುವುದಿಲ್ಲ.

ನಾವು ಬರೆದ ಪ್ಲಾನು ನಿಖರವಾಗಿತ್ತು. ಗೋಡೆಯ ದಪ್ಪ, ಕಂಬದ ಅಂತರ, ಬಾಗಿಲ ಎತ್ತರ ಎಲ್ಲ ಇತ್ತು. ಆದರೆ ಆ ಮನೆಯಲ್ಲಿ ಗೋಡೆಗಳಿಗಿಂತ ಗಟ್ಟಿಯಾಗಿ ನಿಂತಿದ್ದ ಒಂದು ಗೆರೆ ಅದರಲ್ಲಿ ಇರಲಿಲ್ಲ. ಸುಗ್ಗಿಯಲ್ಲಿ ಅಂಥ ಮನೆಗಳ ಗದ್ದೆ ಕೆಲಸಕ್ಕೂ ಹೋಗುತ್ತಿದ್ದ ನನ್ನ ಅಜ್ಜಿ ಆ ಗೆರೆಯನ್ನು ಹೀಗೆ ಹೇಳುತ್ತಿದ್ದಳು: ‘ಕಳದ್ ಅಂಚ್‌ಗಂಟ ನಮ್ದು ಕಣ್ ಮಗಾ, ಮೆಟ್ಲು ಅವ್ರುದು. ಬತ್ತ ಬಡ್ದು, ತೂರಿ, ಹೊತ್ಕಂಡೋಗಿ ಜಗಲಿ ಬುಡುಕ್ ಹಾಕೋದು, ಅಷ್ಟೇಯ.’ ಪ್ಲಾನಿನಲ್ಲಿ ಕಳ ಒಂದು ಖಾಲಿ ಜಾಗ. ಮೇಷ್ಟ್ರು ಅದನ್ನು ‘ಮುಂಗಳದ ಬಯಲು, ಮನೆಗೂ ಗದ್ದೆಗೂ ನಡುವಿನ ಕೊಂಡಿ’ ಅಂದರು. ಅಜ್ಜಿಯ ಮಾತಿನಲ್ಲಿ ಅದೇ ಖಾಲಿ ಜಾಗ ಎಷ್ಟು ಜನರಿಂದ ತುಂಬಿದೆ, ಎಷ್ಟು ಖಚಿತವಾಗಿ ಹಂಚಿಹೋಗಿದೆ ನೋಡಿ. ಅವಳ ಒಂದು ವಾಕ್ಯ ನಮ್ಮ ಹನ್ನೆರಡು ಹಾಳೆಗಿಂತ ಹೆಚ್ಚು ಅಳತೆ ಮಾಡಿತ್ತು.

ಇದು ಬರೀ ಮಡಿಮೈಲಿಗೆಯ ಮಾತಲ್ಲ, ಒಡೆತನದ ಮಾತು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡಾಗ ಇಲ್ಲಿ ಗುಲಾಮಗಿರಿ ರೂಢಿಯಲ್ಲಿತ್ತು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1855ರಲ್ಲಿ, ಜಿ. ರಿಕ್ಟರ್ 1870ರಲ್ಲಿ ಅಚ್ಚು ಹಾಕಿಸಿದ ಕೊಡಗಿನ ಪುಸ್ತಕಗಳಲ್ಲಿ ಅದರ ವಿವರ ಇದೆ. ಭೂಮಿ ಜಮ್ಮದ ಆಳು, ಒಕ್ಕಲು ಜಮ್ಮದ ಆಳು ಅಂತ ಎರಡು ಬಗೆ. ಮೊದಲನೆಯವರು ಜಮೀನಿಗೆ ಅಂಟಿದವರು, ಎರಡನೆಯವರು ಮನೆತನದ ಸೊತ್ತು. ‘ಜಮ್ಮ’ ಅಂದರೆ ಹುಟ್ಟಿನಿಂದ ಬಂದದ್ದು. ಒಬ್ಬನಿಗೆ ಹುಟ್ಟಿನಿಂದ ಜಮೀನು, ಇನ್ನೊಬ್ಬನಿಗೆ ಹುಟ್ಟಿನಿಂದ ಆಳುತನ, ಪದ ಒಂದೇ. ಹೊಲೆಯರಲ್ಲಿ ಬಡಗ, ಕೆಂಬಟ್ಟಿ, ಮಾರಿಂಗಿ, ಕುಕ್ಕ ಎಂಬ ಪಂಗಡಗಳನ್ನೂ ರಿಕ್ಟರ್ ಪಟ್ಟಿ ಮಾಡುತ್ತಾನೆ. ಆದರೆ ಐನ್‌ಮನೆಯ ಚರಿತ್ರೆ ಬರೆಯುವಾಗ ವಾಸ್ತುಶಿಲ್ಪಿಗಳು ಈ ಪುಟಗಳನ್ನು ತಿರುವುವುದಿಲ್ಲ.

ಅರಮನೆಗಳ ವಿಷಯವೂ ಇದೇ. 1792ರ ನಾಲ್ಕುನಾಡು ಅರಮನೆ, ಲಿಂಗರಾಜೇಂದ್ರ 1812ರಿಂದ 1814ರವರೆಗೆ ಕಟ್ಟಿಸಿದ ಮಡಿಕೇರಿ ಕೋಟೆಯ ಅರಮನೆ, 1820ರ ಓಂಕಾರೇಶ್ವರ ದೇವಸ್ಥಾನ. ‘ಕಟ್ಟಿಸಿದ’ ಎಂಬ ಕ್ರಿಯಾಪದ ಎಲ್ಲ ಕಡೆ ಇದೆ, ‘ಕಟ್ಟಿದ’ ಎಂಬುದು ಎಲ್ಲೂ ಇಲ್ಲ. ಕನ್ನಡದ ಈ ಒಂದು ‘ಇಸು’ ಪ್ರತ್ಯಯದೊಳಗೆ ಎಷ್ಟು ಜನ ಹೂತುಹೋಗಿದ್ದಾರೋ!

1952ರಲ್ಲಿ ಬಂದ ಎಂ. ಎನ್. ಶ್ರೀನಿವಾಸರ ಪುಸ್ತಕದಿಂದ ಕೊಡಗು ಜಗತ್ತಿನ ಸಮಾಜಶಾಸ್ತ್ರದ ಭೂಪಟಕ್ಕೆ ಸೇರಿತು. ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆ ಬಲಿತಿದ್ದು ಅಲ್ಲೇ. ಕೆಳಗಿನವರು ಮೇಲಿನವರ ಆಚಾರ ಅನುಕರಿಸಿ ಮೇಲೇರುತ್ತಾರೆ ಎನ್ನುವುದು ಅದರ ತಿರುಳು. ಮನೆಯ ವಿಷಯಕ್ಕೆ ಇದನ್ನು ಒರೆಹಚ್ಚಿ ನೋಡಿ. ಐಮರ ಹಾಕಿಸಿಕೊಳ್ಳಲು ಮೊದಲು ಜಗಲಿ ಬೇಕು, ಜಗಲಿಗೆ ಮನೆ ಬೇಕು, ಮನೆಗೆ ನೆಲ ಬೇಕು. ನೆಲವೇ ಇಲ್ಲದವನು ಏನನ್ನು ಅನುಕರಿಸಬೇಕು? ಇವತ್ತು ಐನ್‌ಮನೆಯನ್ನು ಅನುಕರಿಸುತ್ತಿರುವುದು ರೆಸಾರ್ಟುಗಳು.

4

ಈಗ ಲೈನ್‌ಮನೆಗೆ ಬರೋಣ. 1843ರ ಕಾಯ್ದೆ, ಗುಲಾಮಗಿರಿಯ ಹಕ್ಕನ್ನು ಕೋರ್ಟುಗಳು ಎತ್ತಿಹಿಡಿಯಕೂಡದು ಎಂದಿತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿ ಬಳಿ ಯುರೋಪಿಯನ್ನರ ಮೊದಲ ಕಾಫಿ ತೋಟ ತೆಗೆದ. 1859ರಲ್ಲಿ ಇನ್ನೊಂದು ಕಾಯ್ದೆ ಬಂತು: ಮುಂಗಡ ಪಡೆದು ಕೆಲಸ ಬಿಟ್ಟ ಆಳನ್ನು ಮೂರು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಈ ಮೂರು ಇಸವಿಗಳನ್ನು ಒಟ್ಟಿಗಿಟ್ಟು ಓದಿದರೆ ಲೈನ್‌ಮನೆಯ ಅಡಿಪಾಯ ಕಾಣುತ್ತದೆ. ಹುಟ್ಟಿನ ಆಳುತನ ಕಾಗದದ ಮೇಲೆ ಹೋಯಿತು, ಮುಂಗಡದ ಆಳುತನ ಆ ಜಾಗಕ್ಕೆ ಬಂತು. ಪಿರಿಯಾಪಟ್ಟಣ, ಹುಣಸೂರು ಸೀಮೆಯಿಂದ ಮೇಸ್ತ್ರಿಗಳ ಹಿಂದೆ ಘಟ್ಟ ಹತ್ತಿ ಬಂದ ಹೊಲೆಯರು, ಮೊದಲಿಂದ ಕಾಡಲ್ಲೇ ಇದ್ದ ಯರವರು, ಕುರುಬರು ತೋಟದ ಲೈನಿನಲ್ಲಿ ಸಾಲಾಗಿ ಕೂತರು. ನನ್ನ ಅಜ್ಜ ಬಂದದ್ದು ಹಾಗೇ.

ನಾವಿದ್ದ ಲೈನಿನ ಅಳತೆಯನ್ನು ನಾನು ನಾಲ್ಕನೇ ವರ್ಷದ ರಜೆಯಲ್ಲಿ ಹಿಡಿದೆ. ಯಾವ ಮಾರ್ಕೂ ಇಲ್ಲದ ಕೆಲಸ. ಒಂದೇ ಸೂರು, ಎಂಟು ಬಾಗಿಲು. ಹತ್ತಡಿಗೆ ಹತ್ತಡಿಯ ಕೋಣೆ, ಮುಂದೆ ನಾಲ್ಕಡಿ ಜಗಲಿ, ಹಿಂದೆ ಒಲೆ ಇಡುವಷ್ಟು ತಗ್ಗು ಚಾವಣಿ. ಕಿಟಕಿ ಒಂದು, ಅದೂ ಜಗಲಿ ಕಡೆಗೆ, ರೈಟರು ಬೆಳಿಗ್ಗೆ ಆಳು ಎಣಿಸುವಾಗ ಒಳಗೆ ಯಾರಿದ್ದಾರೆ ಅಂತ ಕಾಣುವ ಹಾಗೆ. ಮೊಳಕ್ಕೆ ಒಂದೂವರೆ ಅಡಿ ಲೆಕ್ಕ ಹಾಕಿದರೆ ವರಾಹಮಿಹಿರನ 16 ಮೊಳ ಅಂದರೆ 24 ಅಡಿ. ನಮ್ಮ ಕೋಣೆ ಪೂರಾ ಏಳು ಮೊಳವೂ ಇರಲಿಲ್ಲ. ‘ಇನ್ನೂ ಕಡಿಮೆ’ ಎಂದು ಶಾಸ್ತ್ರ ಅಳತೆ ಕೊಡದೆ ಬಿಟ್ಟಿದ್ದ ಜಾಗವನ್ನು ತೋಟ ತುಂಬಿತ್ತು.

ಪ್ಲಾನು ನೋಡಿದರೆ ಎಂಟು ಮನೆ. ಎಂಟು ಸಂಸಾರ ಅಂತ ಲೆಕ್ಕ ಬರೆಯಬಹುದು. ಸೆಕ್ಷನ್ ಎಳೆದಾಗ ಬೇರೆ ಸತ್ಯ ಕಂಡಿತು. ನಡುಗೋಡೆಗಳು ಏಳಡಿಗೇ ನಿಲ್ಲುತ್ತಿದ್ದವು. ಅಲ್ಲಿಂದ ಮೇಲಕ್ಕೆ, ಹೆಂಚಿನವರೆಗೆ, ಈ ತುದಿಯಿಂದ ಆ ತುದಿಗೆ ಒಂದೇ ಬಯಲು. ಒಂದು ಒಲೆಯ ಹೊಗೆ ಎಂಟೂ ಮನೆಗೆ. ಒಂದು ಮಗುವಿನ ಕೆಮ್ಮು, ಗಂಡ ಹೆಂಡಿರ ಜಗಳ, ಬಾಣಂತಿಯ ನರಳು ಎಲ್ಲ ಎಲ್ಲರಿಗೂ. ಅಂದರೆ ಅದು ಎಂಟು ಮನೆಯಲ್ಲ, ಎಂಟು ಕಂಡಿ ಇಟ್ಟ ಒಂದು ಕೊಟ್ಟಿಗೆ. ನೆಲದಲ್ಲಿ ಮನೆ, ತಲೆಯ ಮೇಲೆ ಕೊಟ್ಟಿಗೆ. ಕಟ್ಟಿದವನಿಗೆ ಗೋಡೆಯ ಮೇಲಿನ ಮೂರಡಿ ಉಳಿತಾಯ. ಒಳಗಿದ್ದವರಿಗೆ ಗುಟ್ಟು ಅನ್ನುವುದೇ ಇಲ್ಲದ ಬದುಕು.

ನನ್ನ ಹಾಳೆಗಳನ್ನು ಕಾಲೇಜಿನಲ್ಲಿ ತೋರಿಸಿದಾಗ, ‘ಚೆನ್ನಾಗಿದೆ, ಆದ್ರೆ ಇದು ಆರ್ಕಿಟೆಕ್ಚರ್ ಅಲ್ವಲ್ಲಪ್ಪ’ ಎಂಬ ಉತ್ತರ ಬಂತು. ಹೇಳಿದವರು ಕೆಟ್ಟವರಲ್ಲ, ಅವರ ಪಠ್ಯ ಹಾಗಿತ್ತು. 1964ರಲ್ಲಿ ಬರ್ನಾರ್ಡ್ ರುಡೋಫ್‌ಸ್ಕಿ ನ್ಯೂಯಾರ್ಕಿನ ಪ್ರದರ್ಶನವೊಂದರ ಮೂಲಕ, ವಾಸ್ತುಶಿಲ್ಪಿಗಳಿಲ್ಲದೆ ಜನರೇ ಕಟ್ಟಿಕೊಂಡ ಮನೆಗಳೂ ವಾಸ್ತುಶಿಲ್ಪವೇ ಎಂದು ತೋರಿಸಿದ. ಅಲ್ಲಿಂದ ‘ಜನಪದ ವಾಸ್ತು’ ಎಂಬ ಬಾಗಿಲು ತೆರೆಯಿತು. ಐನ್‌ಮನೆ ಆ ಬಾಗಿಲಿಂದ ಒಳಬಂತು, ಯರವರ ಬಿದಿರಿನ ಗುಡಿಸಲೂ ಫೋಟೋವಾಗಿ ಬಂತು. ಲೈನ್‌ಮನೆ ಮಾತ್ರ ಬರಲಿಲ್ಲ. ಅದು ದೊಡ್ಡ ಶಿಲ್ಪಿ ಕಟ್ಟಿದ್ದಲ್ಲ, ಜನ ತಮ್ಮ ಇಷ್ಟಕ್ಕೆ ಕಟ್ಟಿಕೊಂಡದ್ದೂ ಅಲ್ಲ. ಒಬ್ಬರು ಇನ್ನೊಬ್ಬರನ್ನು ಇಡಲು ಕಟ್ಟಿದ್ದು. ಇಂಥ ಕಟ್ಟಡಕ್ಕೆ ವಾಸ್ತುಶಿಲ್ಪದ ಚರಿತ್ರೆಯಲ್ಲಿ ಅಧ್ಯಾಯ ಇಲ್ಲ, ಯಾಕೆಂದರೆ ಅದು ಸೌಂದರ್ಯದ ಪ್ರಶ್ನೆ ಕೇಳುವುದಿಲ್ಲ, ಅಧಿಕಾರದ ಪ್ರಶ್ನೆ ಕೇಳುತ್ತದೆ.

5

ಕಾನೂನು ಈ ಮನೆಯನ್ನು ಗಮನಿಸಿಲ್ಲವೇ ಅಂದರೆ, ಗಮನಿಸಿದೆ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯ 15ನೇ ಕಲಮು, ತೋಟದಲ್ಲಿ ವಾಸಿಸುವ ಕಾರ್ಮಿಕರಿಗೂ ಅವರ ಕುಟುಂಬಕ್ಕೂ ಮನೆ ಒದಗಿಸುವುದು ಮಾಲೀಕನ ಹೊಣೆ ಎಂದು ಹೇಳಿತು. 1981ರ ತಿದ್ದುಪಡಿಯಲ್ಲಿ 16ಎ ಎಂಬ ಹೊಸ ಕಲಮು ಸೇರಿತು. ಮಾಲೀಕ ಕೊಟ್ಟ ಮನೆ ಕುಸಿದು ಕಾರ್ಮಿಕ ಸತ್ತರೆ ಅಥವಾ ಗಾಯಗೊಂಡರೆ ಪರಿಹಾರ ಕೊಡಬೇಕು ಎನ್ನುವ ಕಲಮು. ಮನೆ ಕುಸಿಯುವುದಕ್ಕೇ ಪ್ರತ್ಯೇಕ ಕಲಮು ಬೇಕಾಯಿತು ಎಂದರೆ ಆ ಮನೆಗಳು ಹೇಗಿದ್ದವು ಎಂದು ಬೇರೆ ಹೇಳಬೇಕಿಲ್ಲ. ಈ ಕಾಯ್ದೆ ಮೊದಲಿಗೆ 25 ಎಕರೆ ಮತ್ತು 30 ಆಳುಗಳ ಮೇಲಿನ ತೋಟಗಳಿಗೆ, 1981ರ ನಂತರ 5 ಹೆಕ್ಟೇರು ಮತ್ತು 15 ಆಳುಗಳ ಮೇಲಿನವಕ್ಕೆ ಅನ್ವಯಿಸುತ್ತಿತ್ತು. ಅದಕ್ಕಿಂತ ಚಿಕ್ಕ ತೋಟಗಳ ಲೈನುಗಳು ಅದರ ಕಣ್ಣಿಗೆ ಬೀಳಲೇ ಇಲ್ಲ. 2020ರ ಕಾರ್ಮಿಕ ಸಂಹಿತೆಯೊಂದರಲ್ಲಿ ಈ ಕಾಯ್ದೆಯನ್ನೇ ವಿಲೀನಗೊಳಿಸಲಾಯಿತು.

ಇದಕ್ಕಿಂತ ಮುಖ್ಯವಾದದ್ದು ಭೂಸುಧಾರಣೆಯ ಕಾಯ್ದೆ. 1974ರಲ್ಲಿ ತಿದ್ದುಪಡಿಯಾಗಿ ಜಾರಿಗೆ ಬಂದ ಈ ಕಾನೂನನ್ನು ನಮ್ಮ ಚಳವಳಿಗಳೂ ಕೊಂಡಾಡಿವೆ. ಅದರ 38ನೇ ಕಲಮು, ಬೇರೆಯವರ ಜಮೀನಿನಲ್ಲಿ ಮನೆ ಕಟ್ಟಿಕೊಂಡು ವಾಸಿಸುವ ಕೃಷಿ ಕೂಲಿಕಾರನಿಗೆ ಆ ಮನೆಯ, ಅದರಡಿಯ ನೆಲದ ಒಡೆತನ ಕೊಡುತ್ತದೆ. ಆದರೆ 104ನೇ ಕಲಮು ಓದಿ. ಭೂಮಿತಿಯ ಕಲಮುಗಳ ಜತೆ ಈ 38ನೇ ಕಲಮೂ ಪ್ಲಾಂಟೇಶನ್‌ಗಳಿಗೆ ಅನ್ವಯಿಸದು! ಬಯಲುಸೀಮೆಯ ಜೀತಗಾರನಿಗೆ ಗುಡಿಸಲಿನ ಹಕ್ಕುಪತ್ರ ಸಿಗುವ ದಾರಿಯಾದರೂ ಇತ್ತು. ಘಟ್ಟ ಹತ್ತಿದ ಅವನ ತಮ್ಮನಿಗೆ ಅದೂ ಇಲ್ಲ. ಮೂರು ತಲೆಮಾರು ಲೈನಿನಲ್ಲಿದ್ದರೂ ಕೆಲಸ ಹೋದ ದಿನ ಪಾತ್ರೆಪಗಡ ಬೀದಿಗೆ. ಲೈನ್‌ಮನೆಗೆ ‘ಮನೆ’ ಎಂಬ ಹೆಸರಿದೆ, ಆದರೆ ಕಾನೂನಿನಲ್ಲಿ ಅದು ಕತ್ತಿ, ಗುದ್ದಲಿ, ಬುಟ್ಟಿಯಂತೆ ತೋಟದ ಸಲಕರಣೆ.

ಇದರಾಚೆಗೆ ಮನೆ ಹುಡುಕಿದ ಚರಿತ್ರೆಯೂ ಇದೆ. 1850ರ ದಶಕದಲ್ಲಿ ಮೊಗ್ಲಿಂಗ್ ಅಮ್ಮತ್ತಿಯ ಬಳಿ ಆನಂದಪುರ ಎಂಬ ಹಳ್ಳಿ ಮಾಡಿ, ಕ್ರೈಸ್ತರಾದ ಹೊಲೆಯರಿಗೆ ಅಲ್ಲಿ ನೆಲೆ ಕೊಟ್ಟ. 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದವನೆಂದು ಅವನನ್ನು ನೆನೆಯುವ ನಾವು ಈ ಹಳ್ಳಿಯನ್ನು ಮರೆತಿದ್ದೇವೆ. ಮತಾಂತರ ಸರಿಯೋ ತಪ್ಪೋ ಎಂಬ ಚರ್ಚೆಯಲ್ಲಿ, ಆ ಜನ ದೇವರ ಜತೆಗೆ ಒಂದು ಹೊಸಿಲನ್ನೂ ಕೇಳಿದ್ದರು ಎಂಬುದು ಕಳೆದುಹೋಗುತ್ತದೆ.

2016ರ ದಿಡ್ಡಳ್ಳಿಯೂ ಅದೇ ಚರಿತ್ರೆಯ ಮುಂದುವರಿಕೆ. ತೋಟಗಳ ಲೈನ್ ಬಿಟ್ಟು ಬಂದ ಯರವ, ಜೇನುಕುರುಬ ಮುಂತಾದ ಆದಿವಾಸಿ ಕುಟುಂಬಗಳು ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದವು. ಡಿಸೆಂಬರಿನ ಚಳಿಯಲ್ಲಿ ಐನೂರಕ್ಕೂ ಹೆಚ್ಚು ಗುಡಿಸಲುಗಳನ್ನು ಸರ್ಕಾರವೇ ಕೆಡವಿತು. ಹೋರಾಟ ರಾಜ್ಯದ ತುಂಬ ಹಬ್ಬಿತು. ಮುಂದೆ ಕುಶಾಲನಗರದ ಕಡೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ಜಾಗ, ಮನೆ ಕೊಟ್ಟರು. ಹೋರಾಟದ ಗೆಲುವು ಅದು, ಕಡಿಮೆ ಎನ್ನಬಾರದು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಕಾಡಿನಿಂದ, ಕೆಲಸದಿಂದ ಹತ್ತಾರು ಕಿಲೋಮೀಟರ್ ದೂರದಲ್ಲಿ, ಒಂದೇ ನಕ್ಷೆಯ ಮನೆಗಳನ್ನು ಸಾಲಾಗಿ ನಿಲ್ಲಿಸಿದಾಗ, ಆ ನಕ್ಷೆ ಎಳೆದವರ ಮನಸ್ಸಿನಲ್ಲಿದ್ದ ಮಾದರಿ ಯಾವುದು? ಲೈನ್‌ಮನೆಯನ್ನು ಚರಿತ್ರೆಯಲ್ಲಿ ಓದದವರು ಅದನ್ನೇ ಮತ್ತೆ ಮತ್ತೆ ಕಟ್ಟುತ್ತಾರೆ.

6

ನಮ್ಮ ಆತ್ಮಕಥೆಗಳು ಕೇರಿಯನ್ನು ಸಾಹಿತ್ಯದ ನಡುಮನೆಗೆ ತಂದವು. ಅದರಿಂದ ಕನ್ನಡ ವಿಮರ್ಶೆಯ ಅಳತೆಗೋಲು ಬದಲಾಯಿತು. ವಾಸ್ತುಶಿಲ್ಪದ ಓದಿನಲ್ಲಿ ಈ ಕೆಲಸ ಇನ್ನೂ ಆಗಬೇಕು. ಅದಕ್ಕೆ ದೊಡ್ಡ ಸಿದ್ಧಾಂತ ಬೇಡ, ಟೇಪು ಸಾಕು. ಈ ಪದವಿ ಓದುತ್ತಿರುವ ದಲಿತ ಹುಡುಗ ಹುಡುಗಿಯರು ರಜೆಗೆ ಊರಿಗೆ ಹೋದಾಗ ತಮ್ಮ ಕೇರಿಯ ಒಂದು ಮನೆ, ಒಂದು ಲೈನು, ಒಂದು ಹಾಸ್ಟೆಲ್ ಕೋಣೆಯನ್ನು ಅಳೆದು ಬರೆಯಲಿ. ಪ್ಲಾನ್ ಒಂದನ್ನೇ ನಂಬದೆ ಸೆಕ್ಷನ್ನನ್ನೂ ಎಳೆಯಲಿ. ಐನ್‌ಮನೆಯನ್ನೂ ಅಳೆಯಲಿ, ಬೇಡ ಅನ್ನುವುದಿಲ್ಲ. ಆದರೆ ಕಳದ ಅಂಚಿನಲ್ಲಿ ಒಂದು ಚುಕ್ಕಿಗೆರೆ ಹಾಕಿ, ಯಾರು ಎಲ್ಲಿವರೆಗೆ ಬರಬಹುದಿತ್ತು ಎಂದು ಪಕ್ಕದಲ್ಲಿ ಬರೆಯಲಿ. ಮನೆಯವರನ್ನು ಕೇಳಿದಷ್ಟೇ ಗೌರವದಿಂದ, ಆ ಅಂಚಿನಲ್ಲಿ ನಿಂತವರ ಮೊಮ್ಮಕ್ಕಳನ್ನೂ ಕೇಳಲಿ. ಕೇಳಿಸಿಕೊಳ್ಳಬೇಕಾದ ಮುದುಕಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಹಳೆಯ ಲೈನುಗಳನ್ನೂ ಕೆಡವುತ್ತಿದ್ದಾರೆ. ಕೆಡವಲಿ, ಅವು ಉಳಿಯಬೇಕಾದ ಕಟ್ಟಡಗಳಲ್ಲ. ಉಳಿಯಬೇಕಾದ್ದು ಅವುಗಳ ಅಳತೆ.